ಅವಳ ಪಾಲಿನ ಗೋಧಿ

ಗಂಡ ಹೊಡೆದು ಹಲ್ಲು ಮುರಿದ ದಿನವೂ ಅವಳು ಉಪವಾಸ ಮುರಿಯಲಿಲ್ಲ. ಬೆಳಗಿನ ಜಾವ ಸಹರಿ ಊಟಕ್ಕೆ ಎಬ್ಬಿಸಿದ್ದಳು, ಅವನು ಮಗ್ಗುಲು ಬದಲಿಸಿ ಮಲಗಿದ್ದ. ಮಸೀದಿಯ ಬಾಂಗ್ ಆದಮೇಲೆ ಎದ್ದು, ಇನ್ನು ಸಂಜೆಯವರೆಗೆ ಹೊಟ್ಟೆಗೆ ಏನೂ ಇಲ್ಲ ಎಂದು ಗೊತ್ತಾದದ್ದೇ ತಡ, ಕೈಗೆ ಸಿಕ್ಕ ಸ್ಟೀಲ್ ಚೊಂಬಿನಿಂದ ಅವಳ ಬಾಯಿಗೇ ಬಾರಿಸಿದ. ಪುಣ್ಯಾತ್ಮನ ಭಕ್ತಿ ಎಂಥದ್ದು ನೋಡಿ! ರಕ್ತ ನುಂಗಿದರೆ ಉಪವಾಸ ಕೆಡುತ್ತದೆಂದು ಅವಳು ಬಸ್ಸಿನ ಕಿಟಕಿಯಿಂದ ಉಗುಳುತ್ತ ಉಗುಳುತ್ತ ತವರಿಗೆ ಬಂದಳು. ಪಕ್ಕದ ಸೀಟಿನ ಹೆಂಗಸು ಅಸಹ್ಯಪಟ್ಟು ಚೀಲ ಎಳೆದುಕೊಂಡು ದೂರ ಸರಿದಳು.

ತವರಿನಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಅಪ್ಪ ಹತ್ತಿ ಬಡಿದು ಹಾಸಿಗೆ ಹೊಲಿಯುವವನು. ಬೀದಿಯವರು ಅವನನ್ನು ಹತ್ತಿ ಸಾಹೇಬ ಎನ್ನುತ್ತಿದ್ದುದು ಕಸುಬಿಗಾಗಿ ಮಾತ್ರವಲ್ಲ. ಯಾರು ಅದುಮಿದರೂ ಅದುಮಿಸಿಕೊಳ್ಳುವ ಆಸಾಮಿ, ಜಗಳ ಕಂಡರೆ ಬೇರೆ ಬೀದಿ ಹಿಡಿಯುವವನು. ಹಿಂದೆ ಎರಡು ಸಲ ಅವಳು ಹೀಗೇ ಓಡಿ ಬಂದಾಗ ಅವನೇ ಕೈ ಹಿಡಿದು ಕರೆದೊಯ್ದು, ಅಳಿಯನಿಗೆ ಒಪ್ಪಿಸಿ, ಅಲ್ಲಿ ಕೊಟ್ಟ ಸಿಹಿಯನ್ನೂ ತಿಂದು ಬಂದಿದ್ದ. ಎರಡನೇ ಸಲವಂತೂ ಅಪ್ಪ ಬೀದಿಯ ತಿರುವು ದಾಟುವುದಕ್ಕೂ ಕಾಯದೆ ಗಂಡ ಬೆಲ್ಟ್ ಬಿಚ್ಚಿದ್ದ. ಇನ್ನೊಮ್ಮೆ ಕಳಿಸಿದರೆ ತನ್ನ ಹೆಣವೇ ಹೊರಗೆ ಬರುವುದು ಎಂದು ಅವಳಿಗೆ ಖಾತ್ರಿಯಾಗಿತ್ತು. ಈ ಸಲ ಅವಳ ಬಾಯಿ ನೋಡಿದ ಅಪ್ಪ ತಲೆ ತಗ್ಗಿಸಿ ಹೇಳಿದ್ದು ಇಷ್ಟೇ: "ಹಬ್ಬ ಕಳೀಲಿ, ನೋಡೋಣ."

ಆ ತಿಂಗಳೆಲ್ಲ ಅವಳು ಅಂಗಡಿಯಲ್ಲಿ ಕೋಲು ಹಿಡಿದು ಹತ್ತಿ ಬಡಿದಳು. ಗಂಟು ಕಂಡಲ್ಲೆಲ್ಲ ಗಂಡನ ಮುಖ ಕಾಣುತ್ತಿತ್ತು. ಈ ಸಲದ ಹಾಸಿಗೆ ಬಹಳ ಮೆತ್ತಗಿದೆ ಎಂದು ಗಿರಾಕಿಗಳು ಹೊಗಳಿದರು. ಯಾಕೆಂದು ಅವಳಿಗೆ ಗೊತ್ತಿತ್ತು. ಅಮ್ಮ ಗೋಡೆಗೆ ಸುಣ್ಣ ಬಳಿದಳು, ಪರದೆ ಒಗೆದಳು, ಎಲ್ಲರಿಗೂ ಹೊಸ ಬಟ್ಟೆ ಹೊಲಿಸಿದಳು. ಜೊತೆಗೆ ದಿನಕ್ಕೊಂದು ಸಲ, ಗಂಡಸಿಗೆ ಕೋಪ ಬರುವುದು ಸಹಜ, ಹೊಂದಿಕೊಂಡು ಹೋಗಬೇಕು ಎಂದು ಮಗಳ ಕಿವಿಯಲ್ಲಿ ಊದಿದಳು. ಚಂದ್ರ ಕಂಡ ಸಂಜೆ ಬಂದು ಹೆಂಡತಿಯನ್ನು ಕರೆದೊಯ್ಯುವೆನೆಂದು ಲಾರಿ ಓಡಿಸುವ ಅಳಿಯ ಹೇಳಿ ಕಳಿಸಿದಾಗ ಅಮ್ಮನಿಗೆ ಹೋದ ಜೀವ ಬಂದಂತಾಯಿತು. ಅಪ್ಪ ತಲೆ ಎತ್ತದೆ ಸೂಜಿಗೆ ದಾರ ಪೋಣಿಸಿದ.

ಚಂದ್ರ ಕಂಡಿತು. ಮಾಳಿಗೆಗಳ ಮೇಲಿಂದ ಮಕ್ಕಳು ಕೂಗಿದರು, ಬೀದಿಯ ತುಂಬ ಮುಬಾರಕ್ ಹರಿದಾಡಿತು. ಅಪ್ಪ ನಡುಮನೆಯಲ್ಲಿ ಚಾಪೆ ಹಾಸಿ ಫಿತ್ರಾ ಅಳೆಯಲು ಕೂತ. ಹಬ್ಬದ ನಮಾಜಿಗೆ ಮೊದಲು ಮನೆಯ ಯಜಮಾನ ತನ್ನ ಮನೆಯ ತಲೆಗೊಂದು ಪಾಲಿನಂತೆ ಬಡವರಿಗೆ ಕೊಡಬೇಕಾದ ಧಾನ್ಯ ಅದು. ತನ್ನ ಪಾಲಿನ ಗೋಧಿ ಅಳೆದ, ಹೆಂಡತಿಯದು ಅಳೆದ, ಹಾಸಿಗೆ ಹಿಡಿದ ತನ್ನ ತಾಯಿಯದು ಅಳೆದ. ಮತ್ತೆ ಸೇರು ತುಂಬಿ ಎತ್ತಿದ. ಅಮ್ಮ ತಡೆದಳು.

"ಗಂಡ ಇರೋಳದು ಗಂಡನೇ ಕೊಡಬೇಕು. ನಾವು ಅಳೆದ್ರೆ ಅವಳನ್ನ ಇಟ್ಕೊಂಡ್ವಿ ಅಂತ ಆಗುತ್ತೆ."

ಅಪ್ಪ ಮಗಳ ಕಡೆ ನೋಡಲಿಲ್ಲ. ಗೋಧಿಯನ್ನು ಮೆಲ್ಲಗೆ ಚೀಲಕ್ಕೇ ಸುರಿದ. ಅವಳಿಗೆ ಅಳು ಕೂಡ ಬರಲಿಲ್ಲ.

ಅಷ್ಟರಲ್ಲಿ ಲಾರಿಯವನು ಹೊಸ ಅಂಗಿ ತೊಟ್ಟು, ಅತ್ತರು ಬಳಿದುಕೊಂಡು ಒಳಗೆ ಬಂದ. ಚಾಪೆಯ ಮೇಲಿನ ರಾಶಿಗಳನ್ನು ನೋಡಿ, ಇವಳದು ಬೆಳಗ್ಗೆಯೇ ಕೊಟ್ಟಾಯಿತು, ಮಾವ ತೊಂದರೆ ತೆಗೆದುಕೊಳ್ಳಬೇಕಿಲ್ಲ ಎಂದು ನಕ್ಕ. ಅವಳು ಬರುವುದಿಲ್ಲ ಎಂದಳು. ಅವನ ನಗು ಅಲ್ಲೇ ನಿಂತಿತು. ಜಡೆಗೆ ಕೈ ಹಾಕಿ ಎಳೆದ, ಅವಳ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ಅಪ್ಪ ಕೈ ಮುಗಿದು ಅಡ್ಡ ಬಂದ. ಅಳಿಯ ಮುಷ್ಟಿಯಿಂದ ಅವನ ಮುಖಕ್ಕೆ ಗುದ್ದಿದ. ಮುದುಕ ಗೋಧಿಯ ಮೇಲೇ ಬಿದ್ದ, ತುಟಿ ಸೀಳಿ ರಕ್ತ ಕಾಳುಗಳ ಮೇಲೆ ತೊಟ್ಟಿಕ್ಕಿತು.

ಅಂಗಡಿಯವರೆಗೂ ಅವನು ಅವಳನ್ನು ಎಳೆದುಕೊಂಡೇ ಬಂದ. ಅಲ್ಲಿ ಅವಳ ಕೈಗೆ ಕೋಲು ಸಿಕ್ಕಿತು. ಮೊದಲ ಏಟು ಮೊಣಕಾಲಿಗೆ, ಎರಡನೆಯದು ಜಡೆ ಹಿಡಿದ ಕೈಗೆ. ಲಟಕ್ಕೆಂದು ಸದ್ದಾಯಿತು, ಜಡೆ ಬಿಟ್ಟುಹೋಯಿತು. ಅವನು ಹತ್ತಿಯ ರಾಶಿಗೆ ಕುಸಿದ. ಇವಳ ಕೈ ಹಿಡಿಯಿರಿ ಎಂದು ಅಮ್ಮ ಎದೆ ಬಡಿದುಕೊಂಡಳು. ಹಿಂದಿನಿಂದ ಬಂದ ಅಪ್ಪ ನಿಜವಾಗಿಯೂ ಕೈ ಹಿಡಿದ, ಕೋಲು ಕಿತ್ತುಕೊಂಡ. ಮುಗಿಯಿತು ನನ್ನ ಕಥೆ ಎಂದುಕೊಂಡಳು.

ಅಪ್ಪ ಅಂಗಿಯ ತೋಳು ಮಡಚಿ ತಾನೇ ಶುರುಮಾಡಿದ. ಹತ್ತಿ ಬಡಿಯುವ ಹಾಗೆಯೇ, ಅವಸರವಿಲ್ಲದೆ, ಕಾಲಿನಿಂದ ಆರಂಭಿಸಿ ಮೇಲಕ್ಕೆ. ಬೈಗುಳವಿಲ್ಲ, ಕೂಗಿಲ್ಲ. ಲಾರಿಯವನು ಮೊದಲು ಬೈದ, ಆಮೇಲೆ ಬೇಡಿದ, ಆಮೇಲೆ ಬರೀ ನರಳಿದ. ಬಿಳಿ ಹತ್ತಿ ಅಲ್ಲಲ್ಲಿ ಕೆಂಪಾಯಿತು. ಬೀದಿಯವರು ಬಾಗಿಲಲ್ಲಿ ನೆರೆದರು. ಹತ್ತಿ ಸಾಹೇಬನನ್ನು ಹೀಗೆ ಕಂಡವರೇ ಇರಲಿಲ್ಲ, ಯಾರೂ ಮುಂದೆ ಬರಲಿಲ್ಲ. ಇನ್ನೂ ಬೀಳಲಿ, ಇನ್ನೂ ಬೀಳಲಿ ಎಂದು ಅವಳ ಮೈಯೆಲ್ಲ ಕೂಗುತ್ತಿತ್ತು. ಆದರೆ ಕೋಲು ಕುತ್ತಿಗೆಯ ಹತ್ತಿರ ಬಂದಾಗ ಅವಳಿಗೇ ಭಯವಾಯಿತು.

"ಸಾಕು ಅಬ್ಬಾ. ಸತ್ತುಹೋಗ್ತಾನೆ," ಎಂದು ಕೋಲಿಗೆ ಜೋತುಬಿದ್ದಳು.

ಅಪ್ಪ ಏದುಸಿರು ಬಿಡುತ್ತ ಅಳಿಯನ ಮುಖದ ಹತ್ತಿರ ಬಗ್ಗಿದ. "ಇವಳದು ಕೊಟ್ಟಾಯ್ತು ಅಂದೆಯಲ್ಲ? ಅದರ ಪುಣ್ಯ ನೀನೇ ಇಟ್ಕೋ. ಇನ್ಮೇಲೆ ಇವಳ ಪಾಲು ಈ ಮನೇದು."

ನಾಲ್ಕು ಜನ ಸೇರಿ ಅವನನ್ನು ಆಸ್ಪತ್ರೆಗೆ ಹೊತ್ತೊಯ್ದರು. ಪೊಲೀಸರಿಗೆ ಹೇಳುತ್ತೇನೆ ಎಂದು ತೊದಲುತ್ತಿದ್ದ; ಹೇಳಪ್ಪ, ಅವಳ ಹಲ್ಲಿನ ಸಂಗತಿ ನಾವೂ ಹೇಳುತ್ತೇವೆ ಎಂದ ಎದುರುಮನೆಯ ಕ್ಷೌರಿಕ. ರಕ್ತ ಬಿದ್ದ ಗೋಧಿ ದಾನಕ್ಕಾಗದೆಂದು ಅಮ್ಮ ಗುಡಿಸಿ ತೆಗೆದಳು. ಚೀಲದಿಂದ ಬೇರೆ ಗೋಧಿ ತಂದು, ತಾನೇ ಗಂಡನ ಮುಂದಿಟ್ಟಳು. ಅಪ್ಪ ಮಗಳದನ್ನೇ ಮೊದಲು ಅಳೆದ.

ಬೆಳಗ್ಗೆ ಸ್ನಾನ ಮಾಡಿ, ಊದಿದ ತುಟಿಯಲ್ಲೇ ಹೊಸ ಬಟ್ಟೆ ತೊಟ್ಟು ಅಪ್ಪ ನಮಾಜಿಗೆ ಹೋದ. ಅಲ್ಲಿ ಕಂಡಕಂಡವರೆಲ್ಲ ಅವನನ್ನು ಎಂದಿಗಿಂತ ಹುಷಾರಾಗಿ ಅಪ್ಪಿಕೊಂಡರಂತೆ. ಮನೆಗೆ ಬಂದವನು ತಾಯಿಯ ಕಾಲ ಬಳಿ ಕೂತು ದುವಾ ಪಡೆದ, ಆಮೇಲೆ ಅಡುಗೆಮನೆಗೆ ಬಂದ. ಅವಳು ಹಣೆಗೆ ಪಟ್ಟಿ ಕಟ್ಟಿಕೊಂಡು ಹಾಲು ಕಾಯಿಸುತ್ತಿದ್ದಳು.

"ಆ ಎರಡು ಸಲ ನಿನ್ನ ಅಲ್ಲೇ ಬಿಟ್ಟು ಬಂದೆನಲ್ಲ," ಎಂದ. "ಮಾಫ್ ಮಾಡಿಬಿಡು ಮಗಳೇ."

ಹಬ್ಬದ ದಿನ ಕ್ಷಮೆ ಕೇಳಿದವರಿಗೆ ಯಾರೂ ಇಲ್ಲವೆನ್ನುವುದಿಲ್ಲ. ಅವಳಿಗೂ ಹ್ಞೂಂ ಅಂದುಬಿಡುವ ಆಸೆ. ಆದರೆ ಬಾಯಿಗೆ ಸುಳ್ಳು ಬರಲಿಲ್ಲ.

"ಇವತ್ತು ಆಗಲ್ಲ ಅಬ್ಬಾ."

ಅಪ್ಪ ಕಣ್ಣು ಒರೆಸಿಕೊಂಡು ತಲೆಯಾಡಿಸಿದ. "ಸರಿ. ಮುಂದಿನ ಹಬ್ಬಕ್ಕೆ ಮತ್ತೆ ಕೇಳ್ತೀನಿ."

"ಕೇಳು," ಎಂದಳು. "ಇಲ್ಲೇ ಇರ್ತೀನಿ."