ಒಳ್ಳೆ ಜಾಗದಲ್ಲೇ ಇರುತ್ತೆ ನೋಡು

ನನ್ನ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿದೆ. ಅಂಗಿಯ ಅಳತೆ ತೆಗೆಯುವಾಗ ದರ್ಜಿ ಪ್ರತಿ ಸಲ ಬೈಯುತ್ತಾನೆ, ನೆಟ್ಟಗೆ ನಿಂತ್ಕೊಳ್ಳಯ್ಯ ಅಂತ. ನಾನು ನೆಟ್ಟಗೆ ನಿಂತರೆ ಹೀಗೇ ಕಾಣುವುದು. ಇಪ್ಪತ್ತಾರು ವರ್ಷ ಗಾಲ್ಫ್ ಕ್ಲಬ್ಬಿನಲ್ಲಿ ಪರರ ಬ್ಯಾಗು ಹೊತ್ತ ಹೆಗಲು ಇದು. ಬ್ಯಾಗಿನಲ್ಲಿ ಹದಿನಾಲ್ಕು ಕೋಲು, ಚೆಂಡುಗಳು, ಕೊಡೆ, ನೀರಿನ ಬಾಟಲಿ, ಮಳೆ ಬಂದರೆ ಧಣಿ ಹಾಕಿಕೊಳ್ಳುವ ಕೋಟು. ಮಳೆ ಬಂದರೆ ನಾವು ನೆನೆಯಬೇಕು. ಒಂದು ಆಟಕ್ಕೆ ಹದಿನೆಂಟು ಕುಳಿ, ಏಳೆಂಟು ಕಿಲೋಮೀಟರ್ ನಡಿಗೆ. ಎಲ್ಲೂ ಕೂರುವಂತಿಲ್ಲ, ಅವರ ನಲ್ಲಿಯಲ್ಲಿ ನೀರು ಕುಡಿಯುವಂತಿಲ್ಲ. ನಮ್ಮನ್ನು ಕ್ಯಾಡಿ ಅನ್ನುತ್ತಾರೆ. ಬೆನ್ನ ಮೇಲೆ ಒಂದು ನಂಬರ್ ಹೊಲಿದಿರುತ್ತಾರೆ. ನನ್ನದು ಒಂಬತ್ತು.

ಬೂಟಿನ ವಿಷಯವನ್ನೂ ಹೇಳಿಬಿಡುತ್ತೇನೆ. ಬಲಗಾಲಿನ ಕ್ಯಾನ್ವಾಸ್ ಬೂಟಿನ ಮೂತಿಯನ್ನು ನಾನೇ ಬ್ಲೇಡಿನಿಂದ ಕೊಯ್ದಿದ್ದೇನೆ. ಹೆಬ್ಬೆರಳೂ ಪಕ್ಕದ ಬೆರಳೂ ಹೊರಗೆ ಬರುತ್ತವೆ. ಧಣಿಯ ಚೆಂಡು ಪೊದೆಗೆ ಬಿದ್ದರೆ ಮೊದಲು ಓಡುವವನು ಕ್ಯಾಡಿ. ಚೆಂಡನ್ನು ಆ ಎರಡು ಬೆರಳ ನಡುವೆ ಅವುಚಿಕೊಂಡು, ಇನ್ನೂ ಹುಡುಕುತ್ತಿರುವವನ ಹಾಗೆ ತಲೆ ತಗ್ಗಿಸಿ ನಡೆದು, ಚೆನ್ನಾಗಿರುವ ಹುಲ್ಲಿನ ಮೇಲೆ ಬಿಟ್ಟು, ಸಿಕ್ಕಿತು ಸಾರ್ ಅನ್ನಬೇಕು. ಇದು ಮೋಸ, ನನಗೂ ಗೊತ್ತು. ಕ್ಲಬ್ಬಿನ ಅರ್ಧ ಕ್ಯಾಡಿಗಳಿಗೆ ಈ ವಿದ್ಯೆ ಬರುತ್ತದೆ. ಬಾರದ ಇನ್ನರ್ಧ ಜನ ಬೆಳಿಗ್ಗೆಯಿಂದ ಶೆಡ್ಡಿನಲ್ಲಿ ಸರದಿ ಕಾಯುತ್ತಾ ಕೂತಿರುತ್ತಾರೆ.

ನನ್ನ ಧಣಿಯನ್ನು ಬೆನ್ನ ಹಿಂದೆ ನಾವು ನಗುಮುಖ ಅನ್ನುತ್ತೇವೆ. ಪತ್ರಿಕೆಯಲ್ಲಿ ಅವನ ಫೋಟೊ ಬಂದಾಗೆಲ್ಲ ಹಲ್ಲೇ ಕಾಣುವುದು. ಆರು ಸಲ ಚಾಂಪಿಯನ್. ಚೆಂಡು ಎತ್ತಿ ತಾ ಅಂತ ಅವನು ಇವತ್ತಿನವರೆಗೆ ಒಂದು ಸಲವೂ ಹೇಳಿಲ್ಲ. ಚೆಂಡು ಪೊದೆಗೆ ಹೋದಾಗ ನನ್ನ ಕಡೆ ತಿರುಗಿ, ‘ಒಳ್ಳೆ ಜಾಗದಲ್ಲೇ ಇರುತ್ತೆ ನೋಡು’ ಅನ್ನುತ್ತಾನೆ. ಅಷ್ಟೇ. ನಾಳೆ ಯಾರಾದರೂ ಕೇಳಿದರೆ ಅವನ ಕೈಯೂ ಬಾಯಿಯೂ ಶುದ್ಧ.

ಹದಿನಾಲ್ಕು ವರ್ಷದ ಹಿಂದೆ ನನ್ನ ತಮ್ಮನೂ ಅಲ್ಲೇ ಕ್ಯಾಡಿ ಕೆಲಸಕ್ಕಿದ್ದ. ಚೆಂಡು ಎಲ್ಲಿ ಬೀಳುತ್ತದೆಂದು ನೋಡಲು ಒಬ್ಬನನ್ನು ಮುಂದೆ, ತಿರುವಿನಲ್ಲಿ, ನಿಲ್ಲಿಸುತ್ತಾರೆ. ಅವತ್ತು ಅವನನ್ನು ನಿಲ್ಲಿಸಿದ್ದರು. ಆ ಕಡೆ ಜನ ಇದ್ದರೆ ಹೊಡೆಯುವವನು ಕೂಗಿ ಎಚ್ಚರಿಸಬೇಕು, ಅದು ಆಟದ ನಿಯಮ. ನಗುಮುಖ ಕೂಗಲಿಲ್ಲ. ಚೆಂಡು ತಮ್ಮನ ಎಡಗಣ್ಣಿಗೆ ಬಡಿಯಿತು. ನಾನು ಬ್ಯಾಗು ಬಿಸಾಕಿ ಓಡಿದೆ. ಹಿಂದೆಯೇ ನಗುಮುಖ ಬಂದ. ತಮ್ಮ ಮುಖ ಹಿಡಿದುಕೊಂಡು ಹೊರಳಾಡುತ್ತಿದ್ದ, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. ನಗುಮುಖ ಕೇಳಿದ ಮೊದಲ ಮಾತು, ‘ಚೆಂಡೆಲ್ಲಿ?’

ನಾನು ಕೈ ತೋರಿಸಿದೆ. ತಮ್ಮನ ಮುಖಕ್ಕೆ ಬಡಿದು ಚೆಂಡು ಒಳ್ಳೆ ಹುಲ್ಲಿನ ಮೇಲೆ ಹೋಗಿ ಕೂತಿತ್ತು. ಅಲ್ಲಿಂದ ಹೊಡೆದು ಅವನು ಆ ವರ್ಷದ ಕಪ್ ಗೆದ್ದ. ಅದೃಷ್ಟ ಅಂತ ಪತ್ರಿಕೆಯವರಿಗೆ ಹೇಳಿದ.

ಆಮೇಲೆ ಕ್ಲಬ್ಬಿನ ಕಾರ್ಯದರ್ಶಿ ಒಂದು ಕಾಗದ ತಂದ. ಕೆಲಸದವನು ಹೇಳಿದ ಜಾಗ ಬಿಟ್ಟು ಬೇರೆ ಕಡೆ ನಿಂತಿದ್ದ, ತಪ್ಪು ಅವನದೇ ಅಂತ ಬರೆದಿತ್ತು. ಸಾಕ್ಷಿ ಅಂತ ನನ್ನ ಸಹಿ ಬೇಕಿತ್ತು. ಹಾಕದಿದ್ದರೆ ನಾಳೆಯಿಂದ ಬರಬೇಡ ಅಂದ. ಮನೆಯಲ್ಲಿ ಎರಡು ಸಂಸಾರ, ಆರು ಬಾಯಿ. ನಾನು ಸಹಿ ಹಾಕಿದೆ. ನೆಪ ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ.

ಎಡಗಣ್ಣು ಹೋಯಿತು. ವರ್ಷ ಕಳೆದಂತೆ ಬಲಗಣ್ಣೂ ಮಂಜಾಯಿತು. ತಮ್ಮ ಈಗ ಸೈಕಲ್ ಪಂಕ್ಚರ್ ಹಾಕುತ್ತಾನೆ. ಟ್ಯೂಬನ್ನು ಕಿವಿಯ ಹತ್ತಿರ ಹಿಡಿದು ಗಾಳಿ ಎಲ್ಲಿ ಸೋರುತ್ತಿದೆಯೆಂದು ಕೇಳಿ ಕಂಡುಹಿಡಿಯುತ್ತಾನೆ.

ಈ ವರ್ಷ ಕ್ಲಬ್ಬಿಗೆ ನೂರು ತುಂಬಿತು. ಪ್ರಚಾರಕ್ಕೆ ಒಳ್ಳೆಯದೆಂದು, ಚಾಂಪಿಯನ್‌ಷಿಪ್ಪಿಗೆ ಯಾರು ಬೇಕಾದರೂ ಬರಬಹುದು, ಕೆಲಸಗಾರರ ಮಕ್ಕಳೂ ಬರಬಹುದು ಅಂತ ಬೋರ್ಡು ಹಾಕಿದರು. ಯಾರು ಬರುತ್ತಾರೆ ಅನ್ನುವ ಧೈರ್ಯ. ನನ್ನ ತಮ್ಮನ ಮಗ ಬಂದ. ಹತ್ತೊಂಬತ್ತು ವರ್ಷ. ಅಭ್ಯಾಸದ ಮೈದಾನದಲ್ಲಿ ಚೆಂಡು ಆರಿಸುವ ಕೆಲಸ ಅವನದು. ಯಾರೋ ಸಿಟ್ಟಿನಲ್ಲಿ ಮರಕ್ಕೆ ಬಡಿದು ಎಸೆದ ಸೊಟ್ಟ ಕೋಲನ್ನು ಕಲ್ಲಿನ ಮೇಲಿಟ್ಟು ನೆಟ್ಟಗೆ ಮಾಡಿಕೊಂಡು, ಶೆಡ್ಡಿನ ಹಿಂದೆ ಹೊಡೆದು ಹೊಡೆದು ಕಲಿತ. ಮೊದಲ ದಿನವೇ ಮನೆಗೆ ಹೋಗುತ್ತಾನೆ ಅಂದುಕೊಂಡಿದ್ದರು. ಒಬ್ಬೊಬ್ಬರಾಗಿ ಆರು ಜನರನ್ನು ಮನೆಗೆ ಕಳಿಸಿದ. ಫೈನಲ್ಲಿಗೆ ಉಳಿದವರು ಇಬ್ಬರು, ಅವನು ಮತ್ತು ನಗುಮುಖ.

ಹಿಂದಿನ ಸಂಜೆ ತಮ್ಮನ ಅಂಗಡಿಗೆ ಹೋದೆ. ಅವನು ತಲೆ ಎತ್ತಲಿಲ್ಲ. ಟ್ಯೂಬಿಗೆ ಉಪ್ಪುಕಾಗದ ಉಜ್ಜುತ್ತಲೇ ಇದ್ದ.

‘ನಾಳೆ ಯಾರ ಬ್ಯಾಗು ಹೊರ್ತೀಯ ಅಣ್ಣ?’

‘ಗೊತ್ತಲ್ಲ ನಿಂಗೆ.’

‘ಗೊತ್ತು. ನಿನ್ನ ಬಾಯಿಂದ ಕೇಳೋಣ ಅಂತ.’

ಅವನು ಟ್ಯೂಬಿಗೆ ಅಂಟು ಸವರಿದ, ಊದಿದ, ತೇಪೆ ಒತ್ತಿದ.

‘ಅವನ ಚೆಂಡು ಕಳೆದುಹೋದ್ರೆ ನೀನು ಹುಡುಕಿಕೊಡ್ತೀಯ ಬಿಡು,’ ಅಂದ. ‘ಅವತ್ತೂ ಹುಡುಕಿಕೊಟ್ಟೆ.’

ಹದಿನಾಲ್ಕು ವರ್ಷದಲ್ಲಿ ಅವನು ಆ ದಿನದ ಮಾತೆತ್ತಿದ್ದು ಅದೇ ಮೊದಲು. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಒಂದು ಸಂಗತಿ ಅವನಿಗೆ ನಾನು ಹೇಳಲಿಲ್ಲ. ಎರಡು ತಿಂಗಳ ಹಿಂದೆ ಇಪ್ಪತ್ತೊಂದನೇ ನಂಬರಿನವನು, ಆ ಕುಳಿಯ ಆಟ ಮುಗಿಯಿತೆಂದುಕೊಂಡು ಧಣಿಯ ಚೆಂಡನ್ನು ಎತ್ತಿಬಿಟ್ಟಿದ್ದ. ನಮ್ಮಲ್ಲಿ ತೀರ್ಪು ಹೇಳಲು ಒಬ್ಬ ಮುದುಕರಿದ್ದಾರೆ, ನಿಯಮದ ಪುಸ್ತಕ ಸದಾ ಅವರ ಜೇಬಿನಲ್ಲಿರುತ್ತದೆ. ಅವರು ದಂಡ ಹಾಕಿದ್ದು ಧಣಿಗೆ. ಪುಸ್ತಕದಲ್ಲಿ ಕ್ಯಾಡಿ ಅಂತ ಬೇರೆ ಮನುಷ್ಯ ಇಲ್ಲ, ಅವನು ಮಾಡಿದ್ದೆಲ್ಲ ಆಟಗಾರ ಮಾಡಿದ ಹಾಗೆ ಅಂದರು. ಧಣಿ ಇಪ್ಪತ್ತೊಂದರ ಕಪಾಳಕ್ಕೆ ಹೊಡೆದ. ನಾನು ಮುದುಕರನ್ನು ಆಮೇಲೆ ಒಬ್ಬರೇ ಇದ್ದಾಗ ಹಿಡಿದೆ. ಜಾಗ ಬದಲಾದ ಚೆಂಡನ್ನು ಹೊಡೆದರೆ ಏನಾಗುತ್ತೆ ಸಾರ್ ಅಂತ ಕೇಳಿದೆ. ಹೊಡೆಯುವ ಮೊದಲು ಗೊತ್ತಾದರೆ ವಾಪಸ್ ಇಟ್ಟು ಆಡಬಹುದು, ಹೊಡೆದಮೇಲಾದರೆ ಆ ಕುಳಿ ಸೋತ ಹಾಗೆ ಅಂದರು. ಈ ಮಾತನ್ನು ಎರಡು ತಿಂಗಳು ನಾಲಿಗೆಯ ಕೆಳಗೆ ಇಟ್ಟುಕೊಂಡು ಓಡಾಡಿದೆ.

ಫೈನಲ್ಲಿಗೆ ಸಾವಿರಾರು ಜನ ಬಂದಿದ್ದರು. ಒಬ್ಬರಿಗೊಬ್ಬರು ಎದುರಾಗಿ ಆಡುವ ಪಂದ್ಯ, ಹೆಚ್ಚು ಕುಳಿ ಗೆದ್ದವನು ಚಾಂಪಿಯನ್. ಹದಿನೇಳು ಕುಳಿ ಮುಗಿದಾಗ ಇಬ್ಬರೂ ಸಮ. ನಗುಮುಖನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಹುಡುಗನ ಬ್ಯಾಗು ಇಪ್ಪತ್ತೊಂದರ ಹೆಗಲ ಮೇಲಿತ್ತು. ಅವರಿಬ್ಬರೂ ಯಾವುದೋ ತಮಾಷೆಗೆ ನಗುತ್ತಾ ನಡೆಯುತ್ತಿದ್ದರು.

ಹದಿನೆಂಟನೆಯದರಲ್ಲಿ ಹುಡುಗನ ಚೆಂಡು ಹುಲ್ಲಿನ ನಡುಮಧ್ಯೆ ಬಿತ್ತು. ನಗುಮುಖನದು ಬಲಕ್ಕೆ ಹೊರಳಿ ಪೊದೆಗೆ ನುಗ್ಗಿತು. ಅವನು ನನ್ನ ಕಡೆ ತಿರುಗಿದ. ನಗುತ್ತಲೇ ಇದ್ದ.

‘ಒಳ್ಳೆ ಜಾಗದಲ್ಲೇ ಇರುತ್ತೆ ನೋಡು.’

‘ಇರುತ್ತೆ ಸಾರ್,’ ಅಂದೆ.

ಚೆಂಡು ಮರದ ಬೇರಿನ ಕೆಳಗೆ, ಹಸಿ ಮಣ್ಣಿನಲ್ಲಿ ಅರ್ಧ ಹೂತಿತ್ತು. ಅಲ್ಲಿಂದ ದೇವರು ಬಂದರೂ ಹೊಡೆಯಲಾಗುತ್ತಿರಲಿಲ್ಲ. ನಾನು ಬೆರಳಲ್ಲಿ ಅವುಚಿಕೊಂಡೆ. ಆರು ಹೆಜ್ಜೆ. ಎದುರಿಗೆ ಎರಡು ಮರಗಳ ನಡುವೆ ಬಾಗಿಲಿನಂತೆ ದಾರಿ ತೆರೆದಿದ್ದ ಜಾಗದಲ್ಲಿ ಬಿಟ್ಟೆ. ಇಷ್ಟು ಒಳ್ಳೆ ಜಾಗ ಅವನಿಗೆ ನಾನು ಯಾವತ್ತೂ ಕೊಟ್ಟಿರಲಿಲ್ಲ. ಚೆಂಡಿಗೆ ಅಂಟಿದ್ದ ಮಣ್ಣನ್ನು ಮಾತ್ರ ಒರೆಸಲಿಲ್ಲ.

ಅವನು ಹೊಡೆದ. ಚೆಂಡು ಮರಗಳ ನಡುವಿನಿಂದ ಹಾರಿ, ಕುಳಿಗೆ ಒಂದು ಗಜ ದೂರದಲ್ಲಿ ನಿಂತಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹುಡುಗನೂ ಹೊಡೆದ, ಅವನದು ಮೂರು ಗಜದಲ್ಲಿ ನಿಂತಿತು. ನಗುಮುಖ ಟೊಪ್ಪಿಗೆ ಎತ್ತಿ ಜನಕ್ಕೆ ತೋರಿಸಿದ.

ನಾನು ಬ್ಯಾಗನ್ನು ನೆಲಕ್ಕೆ ಇಳಿಸಿದೆ. ಪುಸ್ತಕದ ಮುದುಕರ ಹತ್ತಿರ ಹೋದೆ.

‘ಸಾರ್, ಅವರ ಚೆಂಡು ಬೇರಿನ ಕೆಳಗಿತ್ತು. ನಾನು ಕಾಲಲ್ಲಿ ಎತ್ತಿ ತಂದೆ.’

‘ಏನಂದೆ?’

‘ಕಾಲಲ್ಲಿ ಎತ್ತಿ ತಂದೆ. ಆರು ಹೆಜ್ಜೆ.’

ನಗುಮುಖ ನಕ್ಕ. ಇವನಿಗೆ ತಲೆ ಕೆಟ್ಟಿದೆ, ಆ ಹುಡುಗ ಇವನ ತಮ್ಮನ ಮಗ, ಅದಕ್ಕೇ ಸುಳ್ಳು ಹೇಳುತ್ತಿದ್ದಾನೆ ಅಂದ. ಮುದುಕರು ನನ್ನನ್ನು ಕರೆದುಕೊಂಡು ಪೊದೆಗೆ ನಡೆದರು. ಬೇರಿನ ಕೆಳಗೆ ಚೆಂಡಿನಷ್ಟೇ ಗುಂಡಗೆ ಒಂದು ತಗ್ಗು, ಅದರ ಪಕ್ಕ ನನ್ನ ಎರಡು ಬೆರಳ ಗುರುತು. ವಾಪಸ್ ಬಂದು ಕುಳಿಯ ಹತ್ತಿರ ಬಗ್ಗಿ ಚೆಂಡು ನೋಡಿದರು. ಒಣ ಹುಲ್ಲಿನಿಂದ ಹೊಡೆದ ಚೆಂಡಿಗೆ ಹಸಿ ಮಣ್ಣು. ಆದರೂ ಮುದುಕರು ಅನುಮಾನಿಸಿದರು. ಬೂಟು ಹಾಕಿದ ಕಾಲಲ್ಲಿ ಇದು ಹೇಗೆ ಸಾಧ್ಯ ಅಂತ ಕೇಳಿದರು. ನಾನು ಬ್ಯಾಗಿನಿಂದ ಇನ್ನೊಂದು ಚೆಂಡು ತೆಗೆದು ನೆಲಕ್ಕೆ ಬಿಟ್ಟೆ. ಬೆರಳಲ್ಲಿ ಅವುಚಿಕೊಂಡು ಅಷ್ಟೂ ಜನರ ಎದುರು ನಡೆದು ತೋರಿಸಿದೆ. ಮೊದಲು ನಕ್ಕರು. ಆಮೇಲೆ ನಗು ನಿಂತಿತು.

‘ನಾನು ಹೇಳಿದೆನೇನೋ ತಾ ಅಂತ?’ ನಗುಮುಖ ಕೇಳಿದ. ನಗು ಇನ್ನೂ ಅಂಟಿಕೊಂಡೇ ಇತ್ತು.

‘ಇಲ್ಲ ಸಾರ್. ನೀವು ಯಾವತ್ತೂ ಹೇಳಿಲ್ಲ. ಆದ್ರೆ ಪುಸ್ತಕದಲ್ಲಿ ನಾನು ಅಂತ ಬೇರೆ ಇಲ್ವಂತೆ. ನಾನು ಮಾಡಿದ್ದು ನೀವೇ ಮಾಡಿದ ಹಾಗಂತೆ.’

ಕ್ಲಬ್ಬಿನ ಕಾರ್ಯದರ್ಶಿ ಅಡ್ಡ ಬಂದ. ಒಬ್ಬ ಕ್ಯಾಡಿಯ ಮಾತು ಕೇಳಿ ತೀರ್ಪು ಕೊಡುತ್ತೀರಾ ಅಂತ ಮುದುಕರ ಮೇಲೆ ರೇಗಿದ. ಆಗ ಇಪ್ಪತ್ತೊಂದು ಹುಡುಗನ ಬ್ಯಾಗನ್ನು ಕೆಳಗಿಟ್ಟು ಮುಂದೆ ಬಂದ. ನಾನೂ ನಮ್ಮ ಧಣಿಗೆ ತಂದಿದ್ದೀನಿ ಸಾರ್, ಹೋದ ವರ್ಷ ಏಳನೇ ಕುಳಿಯಲ್ಲಿ ಅಂದ. ಹಗ್ಗದ ಆಚೆ ನಿಂತಿದ್ದ ನಾಲ್ಕನೇ ನಂಬರು ಹಗ್ಗ ದಾಟಿ ಬಂದ. ಆಮೇಲೆ ಹದಿನೇಳು. ಆಮೇಲೆ ಮೂವತ್ತು. ಯಾವ ವರ್ಷ, ಯಾವ ಕುಳಿ, ಎಷ್ಟು ಹೆಜ್ಜೆ, ಎಲ್ಲ ಬಾಯಿಪಾಠ. ಕೊನೆಗೆ ಎರಡನೇ ನಂಬರಿನ ಅಜ್ಜ ಕೆಮ್ಮುತ್ತಾ ಬಂದು ಕಾರ್ಯದರ್ಶಿಯ ಮುಂದೆಯೇ ನಿಂತ.

‘ನಿಮ್ಮದೂ ಹೇಳ್ಲಾ ಸಾರ್?’

ಕಾರ್ಯದರ್ಶಿಯ ಮುಖ ಬೆವರಿತು. ಸಾಕು ಸಾಕು, ಕುಳಿ ಹುಡುಗನಿಗೇ ಕೊಟ್ಟು ಮುಗಿಸಿ ಅಂದ. ಮುದುಕರು ಪುಸ್ತಕ ಮುಚ್ಚಿದರು. ಹದಿನೆಂಟನೇ ಕುಳಿ ಹುಡುಗನದು, ಪಂದ್ಯವೂ ಅವನದು ಅಂದರು. ನೂರು ವರ್ಷದಲ್ಲಿ ಮೊದಲ ಸಲ ಕ್ಯಾಡಿಯ ಮಗನೊಬ್ಬ ಚಾಂಪಿಯನ್ ಆದ.

ನಾನು ನಿಲ್ಲಿಸಲಿಲ್ಲ. ಹದಿನಾಲ್ಕು ವರ್ಷದ ಹಿಂದಿನದು ಒಂದಿದೆ, ಅದನ್ನೂ ಬರೆದುಕೊಳ್ಳಿ ಅಂದೆ. ತಮ್ಮ ಹೇಳಿದ ಜಾಗದಲ್ಲೇ ನಿಂತಿದ್ದ, ಇವನು ಕೂಗಲಿಲ್ಲ, ನಾನು ಸಹಿ ಹಾಕಿದ್ದು ಸುಳ್ಳು ಅಂತ ಗಟ್ಟಿಯಾಗಿ ಹೇಳಿದೆ. ಪತ್ರಿಕೆಯವರು ಪೆನ್ನು ಹಿಡಿದು ನಿಂತಿದ್ದರು. ಒಬ್ಬನೂ ಬರೆಯಲಿಲ್ಲ. ಮಾರನೆಯ ದಿನ ಬಂದದ್ದು ಹುಡುಗನ ಫೋಟೊ ಮಾತ್ರ. ಕಣ್ಣಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ.

ಹುಡುಗ ನನ್ನ ಹತ್ತಿರ ಬಂದ. ಕೋಲು ಇನ್ನೂ ಅವನ ಕೈಯಲ್ಲಿತ್ತು.

‘ಮೂರು ಗಜ, ದೊಡ್ಡಪ್ಪ. ನಾನೇ ಕುಳಿಗೆ ಹಾಕ್ತಿದ್ದೆ.’

‘ಗೊತ್ತು.’

‘ಮತ್ಯಾಕೆ?’

‘ಇದು ನಿನಗೋಸ್ಕರ ಮಾಡಿದ್ದಲ್ಲ ಕಣೋ.’

ಅವನು ನನ್ನನ್ನೇ ನೋಡಿದ. ಕ್ಷಮಿಸಿದನೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ತಿರುಗಿ ಹೋಗಿ, ತೀರ್ಪು ಬಂದಿದ್ದರೂ ಕೂಡ, ಚೆಂಡಿನ ಮುಂದೆ ನಿಂತು, ಉಸಿರು ಹಿಡಿದು, ಮೆಲ್ಲಗೆ ತಳ್ಳಿದ. ಚೆಂಡು ಕುಳಿಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

ನಗುಮುಖ ತನ್ನ ಕೋಲನ್ನು ನನ್ನ ಕಡೆ ಚಾಚಿದ. ಅಭ್ಯಾಸಬಲ.

‘ಬ್ಯಾಗು ಎತ್ತು,’ ಅಂದ.

ನಾನು ಕೈ ಕಟ್ಟಿಕೊಂಡು ನಿಂತೆ. ಅವನು ಇಪ್ಪತ್ತೊಂದರ ಕಡೆ ನೋಡಿದ. ನಾಲ್ಕರ ಕಡೆ, ಹದಿನೇಳರ ಕಡೆ, ಅಜ್ಜನ ಕಡೆ ನೋಡಿದ. ಯಾರೂ ಅಲುಗಾಡಲಿಲ್ಲ. ಒಂದು ಸಲ ಬಗ್ಗಿ ಬ್ಯಾಗಿನ ಪಟ್ಟಿಗೆ ಕೈ ಹಾಕಿದ. ಅದು ಅಷ್ಟು ಭಾರ ಇರುತ್ತದೆಂದು ಅವನಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಬಿಟ್ಟು ಹೊರಟುಹೋದ. ಹೋಗುವಾಗ ಅವನ ಮುಖದಲ್ಲಿ ಹಲ್ಲು ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ನಮಗೆಲ್ಲ ಗೇಟು ಮುಚ್ಚಿದರು. ಅದರ ಮುಂದೆಯೇ ನಾವು ಮೂವತ್ತೊಂದು ಜನ ಕೂತೆವು. ಮಧ್ಯಾಹ್ನದ ಹೊತ್ತಿಗೆ ನನ್ನ ಸೊಸೆಯ ಕೈ ಹಿಡಿದುಕೊಂಡು ತಮ್ಮ ಬಂದ. ಜಾಗ ಬಿಡು ಅಂದು ನನ್ನ ಪಕ್ಕದಲ್ಲಿ ಕೂತ. ಕಂಬಿಗಳ ಸಂದಿಯಿಂದ ಹದಿನೆಂಟನೇ ಕುಳಿ ಕಾಣುತ್ತಿತ್ತು. ಆ ಬ್ಯಾಗು ಅಲ್ಲೇ ಬಿದ್ದಿತ್ತು. ಹುಲ್ಲು ಕತ್ತರಿಸುವವನು ಯಂತ್ರ ತಳ್ಳಿಕೊಂಡು ಬಂದ, ನಮ್ಮ ಕಡೆ ಒಂದು ಸಲ ನೋಡಿದ, ಬ್ಯಾಗನ್ನು ಸುತ್ತಿ ಬಳಸಿ ಕತ್ತರಿಸಿಕೊಂಡು ಹೋದ.

‘ಏನದು ಸದ್ದು?’ ತಮ್ಮ ಕೇಳಿದ.

ನಾನು ಕಂಡದ್ದನ್ನು ಕಂಡ ಹಾಗೆ ಹೇಳಿದೆ.