ಒಂದು ಚೆಂಡು ಮಲ್ಲಿಗೆ

"ಕಂಬಳಿ ಎತ್ತಬೇಡ. ಇನ್ನೂ ಹಬೆ ಉಂಟು," ಎಂದು ಕ್ಲಾರಾ ಬಾಯಿ ಹೊರಗಿನಿಂದ ಅಂಚನ್ನು ಒತ್ತಿ ಹಿಡಿದರು.

ಕಂಬಳಿಯೊಳಗೆ ಮಗಳು ಆಲಿಸ್ ಮಣ್ಣಿನ ಮಡಕೆಗೆ ಮುಖವೊಡ್ಡಿ ಕುಳಿತಿದ್ದಳು. ನೆಕ್ಕಿಸೊಪ್ಪು, ತುಳಸಿ, ಉಪ್ಪು ಹಾಕಿ ಕುದಿಸಿದ ನೀರು. ಕೆನ್ನೆ, ಕುತ್ತಿಗೆ ಎಲ್ಲ ಬೆವರಿತು, ಮೂಗಿಗೆ ಮಾತ್ರ ಏನೂ ಮುಟ್ಟಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ಬಂದ ದೊಡ್ಡ ಜ್ವರ ಇಳಿಯುವಾಗ ಪೀನಸವೆಂಬ ಮೂಗಿನ ಕಾಯಿಲೆಯನ್ನು ಅವಳಲ್ಲಿ ಉಳಿಸಿಹೋಗಿತ್ತು. ಈಗ ಇಪ್ಪತ್ತೊಂದು. ಏಳು ವರ್ಷಗಳಿಂದ ಅವಳಿಗೆ ಹುರಿದ ಮೀನೂ ಒಂದೇ, ಮಲ್ಲಿಗೆಯೂ ಒಂದೇ.

ಈ ಏಳು ವರ್ಷಗಳಲ್ಲಿ ಕ್ಲಾರಾ ಬಾಯಿ ಮಾಡದ ಮದ್ದಿಲ್ಲ. ತುಂಬೆಹೂವಿನ ರಸ ಹಿಂಡಿ ಮೂಗಿಗೆ ಬಿಟ್ಟರು. ಅರಸಿನದ ಕೊಂಬನ್ನು ದೀಪಕ್ಕೆ ಹಿಡಿದು ಹೊಗೆ ಎಳೆಸಿದರು. ಲವಂಗ ತೇದು ಹಣೆಗೆ ಹಚ್ಚಿದರು. ಉಡುಪಿಯ ಡಾಕ್ಟರು ಉಪ್ಪುನೀರಿನಲ್ಲಿ ಮೂಗು ತೊಳೆಯಲು ಹೇಳಿದ ಮೇಲೆ ಅದೂ ದಿನಕ್ಕೆರಡು ಬಾರಿ ನಡೆಯಿತು. ನೆರೆಮನೆಯ ರತ್ನಾವತಿಯ ಬೇಲಿಯ ನೆಕ್ಕಿಗಿಡವಂತೂ ಈ ಮನೆಗಾಗಿಯೇ ಚಿಗುರುತ್ತಿತ್ತು. "ಕೊಯ್ದುಕೊಂಡು ಹೋಗಿ ಬಾಯಮ್ಮ, ನನಗೆ ಎಂತಕ್ಕೆ ಅದು?" ಎನ್ನುವಳು ಅವಳು.

ಶಂಕರಪುರದ ಸುತ್ತಿನ ಮಲ್ಲಿಗೆ ಬೆಳೆಯುವ ಮನೆಗಳಲ್ಲಿ ಒಳ್ಳೆಯ ಹೂ ಮುಡಿಯುವವರು ಕಡಿಮೆ. ಬೆಳಕು ಹರಿಯುವಾಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಚೆಂಡು ಸುತ್ತಿ, ಕಾಪುವಿನ ಬಸ್ಸಿಗೆ ಹೊರಡುವ ಹೂವಿನವನ ಬುಟ್ಟಿಗೆ ಹಾಕಬೇಕು. ಮನೆಯ ಹೆಣ್ಣುಮಕ್ಕಳಿಗೆ ಉಳಿಯುವುದು ಅರಳಿಹೋದದ್ದು, ತೊಟ್ಟು ಮುರಿದದ್ದು. ಕ್ಲಾರಾ ಬಾಯಿಯೋ, ಸಾಧ್ಯವಿದ್ದರೆ ಬೆಂಕಿಕಡ್ಡಿಯನ್ನೂ ಎರಡು ಸಲ ಗೀರುವ ಹೆಂಗಸು. ಅಂಥವರು ದಿನವೂ ಮಗಳಿಗೆಂದು ತುಂಬಿದ ಒಂದು ಚೆಂಡು ಎತ್ತಿಡುತ್ತಿದ್ದರು. ಅದು ಆಲಿಸಳ ದೊಡ್ಡ ಹೆಮ್ಮೆ. ಇಗರ್ಜಿಯಲ್ಲಿ ಇತರ ಹುಡುಗಿಯರ ಬರಿದಾದ ಜಡೆಗಳನ್ನು ನೋಡಿ, ತನ್ನಷ್ಟು ಮುದ್ದಿನ ಮಗಳು ಈ ಊರಿನಲ್ಲಿ ಇನ್ನೊಬ್ಬಳಿಲ್ಲ ಎಂದುಕೊಳ್ಳುವಳು.

ಆ ದಿನ ಮಧ್ಯಾಹ್ನ ಉದ್ಯಾವರದಿಂದ ಡುಲ್ಸಿನ್ ಬಾಯಿ, ಮಗ ಸ್ಟ್ಯಾನಿಸ್ಲಾಸನೊಂದಿಗೆ ಹೆಣ್ಣು ನೋಡಲು ಬರುವವರಿದ್ದರು. ಹಿಂದೆ ಬಂದ ಎರಡು ಸಂಬಂಧಗಳು ಕಾಫಿ ಕುಡಿದು ಹೋಗಿ ಮತ್ತೆ ಸುದ್ದಿಯಿಲ್ಲ. ತಾನು ಕಪ್ಪೆಂದು ಆಲಿಸ್ ಅದಕ್ಕೆ ಕಾರಣ ಹುಡುಕಿಕೊಂಡಿದ್ದಳು. ಆದರೆ ಶಾಲೆಯ ಮಾಸ್ತರನಾದ ಸ್ಟ್ಯಾನಿಸ್ಲಾಸ್ ಇಗರ್ಜಿಯ ಹಬ್ಬದಲ್ಲಿ ದೂರದಿಂದ ಅವಳನ್ನು ನೋಡಿ ತಾನಾಗಿಯೇ ಕೇಳಿಕಳಿಸಿದ್ದ. ಈ ಸಲ ಆಗಿಯೇ ಆಗುತ್ತದೆ ಎಂದು ಅವಳ ಮನಸ್ಸು ಆಗಲೇ ಉದ್ಯಾವರಕ್ಕೆ ಹೋಗಿ ಕುಳಿತಿತ್ತು.

ಚಳಿಗೆ ಗಿಡಗಳಲ್ಲಿ ಮೊಗ್ಗು ಕಡಿಮೆ. ಹೂವಿನವನು ಒಯ್ದ ಮೇಲೆ ಬಾಳೆಯೆಲೆಯಲ್ಲಿ ಕಟ್ಟಿಟ್ಟ ಒಂದೇ ಚೆಂಡು ಉಳಿದಿತ್ತು. "ಅವರು ಬರುವ ಹೊತ್ತಿಗೆ ಮುಡಿಸುತ್ತೇನೆ, ಈಗಲೇ ಮುಡಿದರೆ ಬಾಡುತ್ತದೆ," ಎಂದರು ಕ್ಲಾರಾ ಬಾಯಿ. "ಮತ್ತೆ ನೋಡು, ಸ್ವಲ್ಪ ದೂರವೇ ಕುಳಿತುಕೋ. ಮದುವೆಯ ಹುಡುಗಿ ಮೈಮೇಲೆ ಬಿದ್ದು ಮಾತಾಡಬಾರದು."

ನೆಂಟರು ಒಂದು ಬಸ್ಸು ಮೊದಲೇ ಬಂದುಬಿಟ್ಟರು. ಅಪ್ಪ ಸಿರಿಲ್ ಅವರನ್ನು ಜಗಲಿಯಲ್ಲಿ ಕೂರಿಸಿದರು. ಕ್ಲಾರಾ ಬಾಯಿ ಗಡಿಬಿಡಿಯಲ್ಲಿ ಒಲೆಯ ಕಡೆಗೆ ಓಡಿದರು. ಡುಲ್ಸಿನ್ ಬಾಯಿ ನಗುಮುಖದ ಹೆಂಗಸು. ಅಂಗಳದ ಗಿಡಗಳನ್ನು ನೋಡಿ, ಬಾಗಿಲ ಬಳಿ ನಿಂತ ಆಲಿಸಳಿಗೆ, "ನಮ್ಮದು ಬರೀ ಹೊಯಿಗೆ ನೆಲ ಮಾರಾಯ್ತಿ, ತೆಂಗು ಬಿಟ್ಟರೆ ಎಂತ ಇಲ್ಲ. ನೀನು ಬಂದು ಒಂದೆರಡು ಗಿಡ ನೆಟ್ಟುಕೊಡು, ಅಲ್ವಾ?" ಎಂದರು. ಸ್ಟ್ಯಾನಿಸ್ಲಾಸ್ ತಲೆ ತಗ್ಗಿಸಿ ನಕ್ಕ.

ಆಲಿಸಳಿಗೆ ಎದೆ ತುಂಬಿ ಬಂತು. ಮಲ್ಲಿಗೆಯ ಮನೆಗೆ ಬಂದ ಹೆಂಗಸನ್ನು ಹೂ ಮುಡಿಸದೆ ಕಳಿಸುವ ಕ್ರಮವಿಲ್ಲ. ಇದ್ದದ್ದು ತನ್ನದೊಂದೇ ಚೆಂಡು. ಇರಲಿ, ತನಗೆ ನಾಳೆ ಉಂಟಲ್ಲ! ಒಳಗೆ ಹೋಗಿ ಎಲೆಯ ಪೊಟ್ಟಣ ತಂದಳು.

"ಬಾಯಿ, ಆಚೆ ತಿರುಗಿ. ನಾನೇ ಮುಡಿಸುತ್ತೇನೆ."

ಹೂವನ್ನು ಅವರ ತುರುಬಿಗೆ ಸುತ್ತಿದಳು. ಪಿನ್ನು ಸಿಕ್ಕಿಸಲು ಬಗ್ಗಿ, ಇದು ಬೆಳಿಗ್ಗೆ ತಾನೇ ಕಟ್ಟಿದ್ದು, ನಾಳೆಯವರೆಗೂ ಬಾಡುವುದಿಲ್ಲ ಎಂದು ಅವರ ಕಿವಿಯ ಬಳಿಯೇ ಹೇಳುತ್ತಾ ಹೋದಳು. ಡುಲ್ಸಿನ್ ಬಾಯಿಯ ಭುಜ ಬಿಗಿಯಿತು. ಅವರ ಕೈ ಸೆರಗನ್ನು ಹುಡುಕಿ ಮೂಗಿನ ಮೇಲೆ ಹಿಡಿಯಿತು.

"ಆಲಿಸ್, ಈಚೆ ಬಾ!"

ಬಾವಿಯ ಅಂಚಿಗೆ ಹೋದ ಮಗುವನ್ನು ಕರೆಯುವ ದನಿ ಅದು. ಕ್ಲಾರಾ ಬಾಯಿ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರು ಮೊದಲು ಮಗಳ ಬರಿ ತಲೆಯನ್ನು ನೋಡಿದರು, ಆಮೇಲೆ ನೆಂಟರ ಸೆರಗನ್ನು. ಅಮ್ಮನ ಮುಖ ನೋಡಿದ ಆಲಿಸಳಿಗೆ ಕೈಯಲ್ಲಿದ್ದ ಪಿನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಡುಲ್ಸಿನ್ ಬಾಯಿ ಕೆಟ್ಟವರಲ್ಲ. ಕಾಫಿಯನ್ನು ಪೂರ್ತಿ ಕುಡಿದರು. ಹೊರಡುವಾಗ ಕೈಯನ್ನು ಉದ್ದಕ್ಕೆ ಚಾಚಿ ಆಲಿಸಳ ಬೆರಳು ಹಿಡಿದು, "ದೇವರು ಒಳ್ಳೆಯದು ಮಾಡಲಿ ಮಗಾ," ಎಂದರು. ಯಾವಾಗ ಹೇಳಿಕಳಿಸುತ್ತೇವೆ ಎಂದು ಮಾತ್ರ ಹೇಳಲಿಲ್ಲ. ಏನೂ ಅರ್ಥವಾಗದ ಸ್ಟ್ಯಾನಿಸ್ಲಾಸ್ ಗದ್ದೆಯ ಬದುವಿನಲ್ಲಿ ಒಮ್ಮೆ ತಿರುಗಿ ನೋಡಿದ.

"ಮಾಂಯ್, ನನ್ನ ಮೂಗು ನಾರುತ್ತದಾ?" ಆಲಿಸ್ ಅಮ್ಮನನ್ನು ಕೇಳಿದಳು.

"ಯಾರು ಹೇಳಿದ್ದು ಹಾಗೆ?"

"ಯಾರೂ ಹೇಳಲಿಲ್ಲ. ಏಳು ವರ್ಷದಿಂದ ಯಾರೂ ಹೇಳಲಿಲ್ಲ." ಅವಳು ತನ್ನ ಬರಿ ಜಡೆಯನ್ನು ಮುಟ್ಟಿಕೊಂಡಳು. "ನೀನು ದಿನಾ ಹೂ ಮುಡಿಸುವುದು ಅದಕ್ಕಾ?"

ಕ್ಲಾರಾ ಬಾಯಿ ಲೋಟಗಳನ್ನು ಒಂದರೊಳಗೊಂದು ಇಟ್ಟರು. "ಗುಣ ಆಗುತ್ತದೆ ಅಂತ ಇದ್ದೆ ಪುತಾ. ಗುಣ ಆದ ಮೇಲೆ ನಿನಗೆ ಗೊತ್ತಾಗುವುದೇ ಬೇಡ ಅಂತ ಇದ್ದೆ."

ಹುಡುಗ ಕೈತಪ್ಪಿದ ದುಃಖ ಒಂದು ಕಡೆ. ಇಗರ್ಜಿಯಲ್ಲಿ ಇಷ್ಟು ವರ್ಷ ಯಾರ್ಯಾರ ಪಕ್ಕ ಕುಳಿತು ಹಾಡಿದೆ, ಯಾರ್ಯಾರ ಮಕ್ಕಳನ್ನು ಎತ್ತಿ ಮುದ್ದಿಸಿದೆ ಎಂದು ಒಂದೊಂದೇ ನೆನಪಾಗಿ ಆಲಿಸ್ ಗೋಡೆಗೆ ಮುಖ ಮಾಡಿ ಅತ್ತಳು. ಸಿರಿಲ್ ಅಂಗಳಕ್ಕಿಳಿದು, ನೀರು ಹಾಕಿ ಆಗಿದ್ದ ಗಿಡಗಳಿಗೆ ಮತ್ತೆ ನೀರು ಹಾಕುತ್ತಿದ್ದರು.

ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಕ್ಲಾರಾ ಬಾಯಿ ಮಡಕೆಯನ್ನು ತಂದಿಟ್ಟರು.

"ಬೇಡ ಮಾಂಯ್. ಎಂತಕ್ಕೆ ಇನ್ನು?"

ಅವರು ಮಗಳ ಮೇಲೆ ಕಂಬಳಿ ಹೊದಿಸಿದರು. ಎಂದಿನಂತೆ ಅಂಚನ್ನು ಒತ್ತಿ ಹಿಡಿಯುವ ಬದಲು, ಅದನ್ನೆತ್ತಿ ತಾವೂ ಒಳಗೆ ನುಸುಳಿದರು. ಕತ್ತಲೆಯಲ್ಲಿ, ಬಿಸಿ ಹಬೆಯಲ್ಲಿ, ಇಬ್ಬರ ಮೊಣಕಾಲುಗಳು ತಾಗಿದವು. ಆಲಿಸ್ ಬೆಚ್ಚಿ ಮುಖ ತಿರುಗಿಸಿ, ಮೂಗುಬಾಯಿಗಳನ್ನು ಅಂಗೈಯಿಂದ ಮುಚ್ಚಿಕೊಂಡಳು. ಕ್ಲಾರಾ ಬಾಯಿ ಆ ಕೈಯನ್ನು ಮೆಲ್ಲಗೆ ಇಳಿಸಿ ತಮ್ಮ ಮಡಿಲಲ್ಲಿ ಇಟ್ಟುಕೊಂಡು, ಮಗಳ ಹಣೆಗೆ ಹಣೆ ತಾಗಿಸಿ, ಉದ್ದಕ್ಕೆ ಉಸಿರೆಳೆದುಕೊಂಡರು.