ಜೇಬಿನ ಬೆಲ್ಲ

ಮಾರಕ್ಕ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊರುವುದು ಬಿಟ್ಟು ಎರಡು ರೇಷ್ಮೆ ಬೆಳೆ ಆಯಿತು. ಮೊದಲು ಹೊರೆ ಬಿಟ್ಟಳು, ಆಮೇಲೆ ಬಿಂದಿಗೆ ಬಿಟ್ಟಳು. ಈಗ ಜಗಲಿಯಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಗೋಡೆ ಹಿಡಿದು ಎರಡು ಸಲ ನಿಲ್ಲುತ್ತಾಳೆ. ಕೈಲಾಂಚ ಕಡೆಯ ಅವರ ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ವಯಸ್ಸು ಅಂದರು, ಒಲೆಯ ಹೊಗೆ ಅಂದರು, ದೃಷ್ಟಿ ಅಂತ ನಿಂಬೆಹಣ್ಣು ಇಳಿಸಿದವರೂ ಇದ್ದಾರೆ.

ಬೆಂಗಳೂರಿನ ಆಸ್ಪತ್ರೆಯವರು ಮಾತ್ರ ಬೇರೆ ಹೇಳಿದರು. ಎದೆಯಿಂದ ನೀರು ತೆಗೆದರು, ಸ್ಕ್ಯಾನ್ ಮಾಡಿದರು, ಮೂರು ವಾರ ಕಾಯಿಸಿದರು. ಆಮೇಲೆ ಡಾಕ್ಟರಮ್ಮ ಕುರ್ಚಿ ಹತ್ತಿರ ಎಳೆದುಕೊಂಡು, “ಅಮ್ಮ, ನೀವು ಕಲ್ನಾರಿನ ಕೆಲಸ ಏನಾದರೂ ಮಾಡಿದ್ದೀರಾ?” ಎಂದು ಕೇಳಿದರು.

“ಕಲ್ನಾರು ಅಂದ್ರೆ ಏನವ್ವ?”

“ಸಿಮೆಂಟ್ ಶೀಟಿಗೆ ಹಾಕ್ತಾರಲ್ಲ, ಆ ನಾರು.”

“ಅಯ್ಯೋ, ನಾನು ಮನೇಲಿರೋಳು ಕಣವ್ವ. ಫ್ಯಾಕ್ಟ್ರಿ ಗೇಟೂ ಕಂಡಿಲ್ಲ.”

ಚೀಟಿಯಲ್ಲಿ ಉದ್ಯೋಗ ಎಂಬ ಕಡೆ ‘ಮನೆಗೆಲಸ’ ಎಂದು ಬರೆದುಕೊಂಡರು.

ಆಶಾ ಕಾರ್ಯಕರ್ತೆ ಲತಾಮಣಿ ಮರುದಿನ ಸಂಜೆ ಆ ಚೀಟಿ ನೋಡಲು ಬಂದಳು. ಮಾರಕ್ಕ ಜಗಲಿಯಲ್ಲಿ ದಿಂಬಿಗೆ ಒರಗಿದ್ದಳು. ಅವಳ ಗಂಡ ಗಂಗಹನುಮಯ್ಯ ಕಂಬದ ಪಕ್ಕ ಬೀಡಿ ಸೇದುತ್ತಿದ್ದ. ಅಂಗಳದಲ್ಲಿ ಸೊಸೆ ಅಮೂಲ್ಯ ತನ್ನ ಗಂಡ ಯೋಗಾನಂದನ ಹಿಂದಿನ ದಿನದ ಶರ್ಟನ್ನು ಒಗೆಯುವ ಮೊದಲು ಪಟಪಟನೆ ಒದರುತ್ತಿದ್ದಳು. ಯೋಗಾನಂದನದು ಶೀಟು ಹೊದಿಸುವ ಕೆಲಸ. ರೇಷ್ಮೆ ಹುಳು ಮನೆ, ದನದ ಕೊಟ್ಟಿಗೆ, ಕೋಳಿ ಶೆಡ್ಡು ಅಂತ ಮಾಗಡಿವರೆಗೂ ಹೋಗುತ್ತಾನೆ. ಇಳಿಬಿಸಿಲಿನಲ್ಲಿ ಶರ್ಟಿನಿಂದ ಬಿಳಿ ಧೂಳು ಎದ್ದು, ಅಲ್ಲೇ ಆಡುತ್ತಿದ್ದ ನಾಲ್ಕು ವರ್ಷದ ಮಗಳು ಧನುಶ್ರೀಯ ತಲೆಯ ಮೇಲೆ ಮೆಲ್ಲಗೆ ಇಳಿಯಿತು.

“ಅಮೂಲ್ಯ, ಒದರಬ್ಯಾಡ! ಅದನ್ನ ಹಂಗೇ ನೀರಿಗೆ ಮುಳುಗ್ಸು. ಮಗೂನ ಆ ಕಡೆ ಕರ್ಕೋ!” ಲತಾಮಣಿ ಕೂಗಿದಳು.

ಗಂಗಹನುಮಯ್ಯನಿಗೆ ನಗು ಬಂತು. “ಇದನ್ನೂ ಟ್ರೈನಿಂಗ್‌ನಲ್ಲಿ ಯೋಳ್ಕೊಟ್ರಾ ತಾಯಿ? ಮೊನ್ನೆ ಸೊಳ್ಳೆ ಅಂದೆ, ಇವತ್ತು ಬಟ್ಟೆ ಧೂಳು ಅಂತೀಯ.”

“ಅಣ್ಣ, ಅಕ್ಕನಿಗೆ ಬಂದಿರೋದು ಶ್ವಾಸಕೋಶದ ಸುತ್ತ ಇರೋ ಪೊರೆಯ ಕ್ಯಾನ್ಸರು. ಅದು ಹೆಚ್ಚಾಗಿ ಬರೋದೇ ಕಲ್ನಾರಿನ ಧೂಳಿಂದ.”

“ಅಂಗಾರೆ ನಂಗ್ ಬರಬೇಕಿತ್ತು ಕಣಮ್ಮ! ಇಪ್ಪತ್ತಾರು ವರ್ಸ ಶೀಟ್ ಫ್ಯಾಕ್ಟ್ರೀಲಿ ನಾರಿನ ಚೀಲ ಕುಯ್ದು ಸುರಿದೋನು ನಾನು. ನೋಡು, ಎಂಗಿವ್ನಿ. ಒಸಿ ಕೆಮ್ಮು ಐತೆ, ಅಷ್ಟೇಯ. ಯಾಕೆ ಗೊತ್ತಾ? ಶಿಫ್ಟ್ ಮುಗಿದೇಟ್ಗೆ ಒಂದೊಂದು ಉಂಡೆ ಬೆಲ್ಲ ಕೊಡೋರು. ಬೆಲ್ಲ ತಿಂದ್ರೆ ಧೂಳೆಲ್ಲ ಕೆಳಕ್ಕಿಳಿದು ಓಯ್ತದೆ.”

“ಬೆಲ್ಲ ಹೋಗೋದು ಹೊಟ್ಟೆಗೆ, ಧೂಳು ಹೋಗೋದು ಶ್ವಾಸಕೋಶಕ್ಕೆ. ಎರಡರ ದಾರಿಯೂ ಬೇರೆ ಅಣ್ಣ. ಆ ನಾರು ಕಣ್ಣಿಗೂ ಕಾಣಲ್ಲ. ಒಳಗೆ ಚುಚ್ಚಿಕೊಂಡ್ರೆ ಅಲ್ಲೇ ಕೂರುತ್ತೆ, ಕರಗಲ್ಲ. ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಆದ್ಮೇಲೆ ಮೇಲಕ್ಕೇಳುತ್ತೆ.”

“ಫ್ಯಾಕ್ಟ್ರಿಯೋರು ವರ್ಸಕ್ಕೊಂದ್ಸಲ ಎದೆ ಫೋಟೋ ತೆಗೆಸೋರು. ಎಲ್ಲ ಸರಿ ಐತೆ ಅನ್ನೋರು.”

“ಫೋಟೋ ನಿನ್ನ ಕೈಗೆ ಕೊಟ್ರಾ?”

ಗಂಗಹನುಮಯ್ಯ ಬೀಡಿಯ ಬೂದಿ ಕೊಡವಿದ.

“ನಿನ್ನ ಜೊತೆ ಚೀಲ ಸುರೀತಿದ್ದೋರು ಈಗ ಎಲ್ಲಿದ್ದಾರೆ?”

“ವಹಾಬ್ ಸತ್ತೋದ. ಚನ್ನಪಟ್ಣದೋನು, ನಗಿಸಿ ನಗಿಸಿ ಕೊಲ್ಲೋನು. ಟಿ.ಬಿ. ಅಂತ ಗುಳಿಗೆ ಕೊಟ್ರು, ಎರಡು ಕೋರ್ಸ್ ನುಂಗಿದ್ರೂ ಕಮ್ಮಿ ಆಗ್ಲಿಲ್ಲ. ಸಿದ್ದಯ್ಯನೂ ಓದ. ಅವನಿಗೂ ಟಿ.ಬಿ. ಅಂದ್ರು...” ಹೇಳುತ್ತ ಹೇಳುತ್ತ ಅವನ ಮಾತು ನಿಧಾನವಾಯಿತು. ಬೀಡಿ ಬೆರಳಲ್ಲೇ ಆರಿತು.

“ಆದ್ರೆ ಇವಳು ಅಲ್ಲಿಗೆ ಕಾಲಿಟ್ಟೋಳೇ ಅಲ್ವಲ್ಲ ತಾಯಿ,” ಅಂದ ಕೊನೆಗೆ.

ಆಗ ಮಾರಕ್ಕ ಬಾಯಿಬಿಟ್ಟಳು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳಬೇಕಿತ್ತು.

“ನಿಮ್ ಬಟ್ಟೆ ಯಾರು ಒದರ್ತಿದ್ರು? ಇದೇ ಒಗೆಯೋ ಕಲ್ಲಿನ ಮುಂದೆ... ದಿನಾ ನಾನೇ ಅಲ್ವಾ? ಜೋಬಲ್ಲಿ ಅರ್ಧ ಬೆಲ್ಲ ಇರ್ತಿತ್ತು. ಅರ್ಧ ನೀವು ತಿಂದು, ಅರ್ಧ ನಂಗೆ ತರೋರು. ಮೇಲಿನ ಧೂಳು ಊದಿ ಬಾಯಿಗಾಕ್ಕೊಂಡು... ಆಮೇಲೆ ಶರ್ಟು ಒದರ್ತಿದ್ದೆ.” ಇನ್ನೊಂದು ಉಸಿರು ಎಳೆದುಕೊಂಡು, “ಊರಲ್ಲಿ ಯಾರ್ ಗಂಡನೂ ಅಂಗೆ ತತ್ತಿರ್ಲಿಲ್ಲ ಕಣ್ ಲತಾ,” ಅಂದಳು.

ಗಂಗಹನುಮಯ್ಯ ತಲೆ ತಗ್ಗಿಸಿದ. “ಫ್ಯಾಕ್ಟ್ರಿಯೋರು ಇವಳಿಗೇನಾರ ಮಾಡ್ತಾರಾ?” ಅಂತ ಕೇಳಿದ.

“ಅದು ಮುಚ್ಚಿ ಎಷ್ಟು ವರ್ಷ ಆಯ್ತು! ನಿನಗೆ ಬಂದಿದ್ರೆ ಕೆಲಸದಿಂದ ಬಂದ ಕಾಯಿಲೆ ಅಂತ ಇ.ಎಸ್.ಐ.ಗೆ ಅರ್ಜಿ ಹಾಕಬಹುದು. ಅಕ್ಕನ ಹಾಜರಿ ಅಲ್ಲಿ ಇರಲಿಲ್ವಲ್ಲ ಅಣ್ಣ. ಈ ಕಲ್ಲಿನ ಮುಂದೆ ಮಾಡಿದ ಕೆಲಸಕ್ಕೆ ಯಾರ ಪುಸ್ತಕದಲ್ಲೂ ಹೆಸರಿಲ್ಲ.”

ಅಮೂಲ್ಯ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಲತಾಮಣಿಯ ಕಡೆ ತಿರುಗಿದಳು. “ಅಕ್ಕ, ನಮ್ ಹುಳು ಮನೆ ಮೇಲಿರೋದೂ ಅದೇ ಶೀಟು. ಇವತ್ತೇ ಕಿತ್ತಾಕಿಸ್ಲಾ?”

“ಕೀಳಬ್ಯಾಡಮ್ಮಿ! ಕೀಳೋಕೆ, ಒಡೆಯೋಕೆ ಹೋದ್ರೇ ಧೂಳು. ಗಟ್ಟಿಯಾಗಿರೋದು ಹಂಗೇ ಇರಲಿ. ಕೊಯ್ಯೋದು, ತೂತು ಹಾಕೋದು, ಉಜ್ಜೋದು, ಒಡೆದ ಚೂರನ್ನ ಕುಟ್ಟಿ ಅಂಗಳಕ್ಕೆ ತುಂಬೋದು, ಇವೇ ಅಪಾಯ.”

ಅಷ್ಟರಲ್ಲಿ ಯೋಗಾನಂದನ ಟಿ.ವಿ.ಎಸ್. ಸದ್ದು ಕೇಳಿಸಿತು. ಹುಬ್ಬು, ಮೀಸೆ, ಕಿವಿಯ ಸಂದು ಎಲ್ಲ ಬೆಳ್ಳಗೆ, ಹಿಟ್ಟಿನ ಗಿರಣಿಯಿಂದ ಬಂದವನ ಹಾಗೆ. ಕಟಿಂಗ್ ಮಷೀನ್ ಚೀಲ ಹೆಗಲ ಮೇಲೆ, ಮೂಗಿಗೆ ಕಟ್ಟಿದ್ದ ಟವಲು ಕೊರಳಲ್ಲಿ. ಧನುಶ್ರೀ “ಅಪ್ಪಾ!” ಅಂತ ಓಡಿ ಹೋಗಿ ಕಾಲು ತಬ್ಬಿಕೊಂಡಳು. ದಿನದ ರೂಢಿಯಂತೆ ಕೈ ನೇರ ಅವನ ಜೇಬಿಗೆ ಹೋಯಿತು.

“ಬ್ಯಾಡ ಮಗ! ಜೋಬಿಗೆ ಕೈ ಹಾಕಬ್ಯಾಡ!”

ಸದಾ ಕಂಬ ಹಿಡಿದೇ ಏಳುವ ಗಂಗಹನುಮಯ್ಯ ಜಗಲಿಯಿಂದ ಹಾರಿದ್ದನ್ನು ಎಲ್ಲರೂ ಕಂಡರು. ಮಗುವಿನ ಕೈ ಹಿಡಿದೆಳೆದ. ಅದರಲ್ಲಿದ್ದ ಬೆಲ್ಲದ ಚೂರು ಮಣ್ಣಿಗೆ ಬಿತ್ತು. ಮಗು ಕಿರುಚಿ ಅತ್ತಿತು.

“ಏನಪ್ಪ ಇದು? ಬೆಲ್ಲ ತಾನೇ!” ಯೋಗಾನಂದ ಸಿಟ್ಟಾದ. “ಧೂಳಿಗೆ ಬೆಲ್ಲ ತಿನ್ನು ಅಂತ ಯೋಳ್ಕೊಟ್ಟೋನೇ ನೀನು. ನೀನೂ ಇಂಗೇ ತತ್ತಿರ್ಲಿಲ್ವಾ?”

“ತತ್ತಿದ್ದೆ ಕಣ್ಲಾ,” ಅಂದ ಗಂಗಹನುಮಯ್ಯ. “ನಿಮ್ಮವ್ವಂಗೆ ತತ್ತಿದ್ದೆ.”

ಅವನ ಕೈ ಜಗಲಿಯ ಕಡೆ ತೋರಿಸಿತು. ಅಲ್ಲಿ ಮಾರಕ್ಕ ಬಾಯಿ ತೆರೆದು ಗಾಳಿ ಹುಡುಕುತ್ತಿದ್ದಳು. ಯೋಗಾನಂದ ಅವ್ವನನ್ನು ನೋಡಿದ, ತನ್ನ ಶರ್ಟನ್ನು ನೋಡಿಕೊಂಡ. ಆಮೇಲೆ ಯಾರೂ ಹೇಳದೆಯೇ ಹಿಂದಕ್ಕೆ ಸರಿದು ಬೇಲಿಯ ಹತ್ತಿರ ನಿಂತ. ಅಮೂಲ್ಯ ಒಂದು ಬಕೆಟ್ ನೀರನ್ನು ದೂರದಲ್ಲೇ ಇಟ್ಟು ಬಂದಳು.

ಆವತ್ತಿನಿಂದ ಅವನು ಕಲ್ನಾರಿನ ಶೀಟು ಕೊಯ್ಯಲಿಲ್ಲ. ಕಬ್ಬಿಣದ ಶೀಟು, ಕಲ್ನಾರಿಲ್ಲದ ಶೀಟು ಇದ್ದರೆ ಮಾತ್ರ ಬರುತ್ತೇನೆ ಅಂದ. ಕೆಲಸ ಕಡಿಮೆಯಾಯಿತು. “ಹೆಂಡ್ತಿ ಹೆದರಿಸಿಬುಟ್ಟವ್ಳೆ” ಅಂತ ಜೊತೆಯವರು ಆಡಿಕೊಂಡರು. ಗಂಗಹನುಮಯ್ಯ ಬೀಡಿ ಬಿಟ್ಟು, ಎದೆ ತೋರಿಸಿಕೊಂಡು ಬಂದ. ಅವನ ಕೆಮ್ಮೂ ‘ಒಸಿ ಕೆಮ್ಮು’ ಅಲ್ಲವಂತೆ. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಮೊದಲಿನಂತೆ ಆಗುವುದಿಲ್ಲ. ಇನ್ನೂ ಕೆಡದಂತೆ ನೋಡಿಕೊಳ್ಳಬೇಕು, ಅಷ್ಟೆ. ಮುಂದಿನ ಬೆಳೆಯ ರೇಷ್ಮೆ ಗೂಡು ಬಿಡಿಸುವ ಹೊತ್ತಿಗೆ ಮಾರಕ್ಕ ಇರಲಿಲ್ಲ.

ಇದನ್ನು ಓದುತ್ತಿರುವ ಅಣ್ಣ, ಅಕ್ಕ, ಒಸಿ ನಿಮ್ಮ ಮನೆಯ ಕಡೆಯೂ ನೋಡಿ. ನೀವು ಶೀಟು ಕೊಯ್ಯುವವರಿರಬಹುದು. ಗ್ಯಾರೇಜಿನಲ್ಲಿ ಹಳೆ ಬ್ರೇಕಿನ ಧೂಳನ್ನು ಗಾಳಿ ಹೊಡೆದು ಹಾರಿಸುವವರಿರಬಹುದು. ರೇಷ್ಮೆ ಬಿಚ್ಚುವ ಕಡೆ ಬಾಯ್ಲರಿಗೆ ಸುತ್ತಿದ ಹಳೆ ಬಿಳಿ ಹಗ್ಗ ಕೀಳುವವರಿರಬಹುದು. ಇದರಲ್ಲಿ ಕಲ್ನಾರು ಇದೆಯಾ ಅಂತ ಮಾಲೀಕರನ್ನು ಕೇಳಿ. ಕೇಳುವುದು ನಿಮ್ಮ ಹಕ್ಕು. ಇದ್ದರೆ ಒಣಗಿದ್ದಾಗ ಕೊಯ್ಯಬೇಡಿ, ಗುಡಿಸಬೇಡಿ. ನೀರು ಹಾಕಿ ನೆನೆಸಿ. ಕೊಯ್ಯುವ ಮಷೀನ್ ದೂರವಿಡಿ. ಟವಲು ಈ ಧೂಳನ್ನು ತಡೆಯುವುದಿಲ್ಲ, ಅದಕ್ಕೆಂದೇ ಮಾಡಿದ ಬಿಗಿ ಮಾಸ್ಕ್ ಕೊಡಿಸಿ ಅನ್ನಿ. ಎದೆಯ ಫೋಟೋ ತೆಗೆದರೆ ನಿಮ್ಮ ಪ್ರತಿ ಕೇಳಿ ಪಡೆಯಿರಿ. ಡಾಕ್ಟರು ಕೇಳದಿದ್ದರೂ ನಿಮ್ಮ ಕೆಲಸ ಯಾವುದು, ಮನೆಯಲ್ಲಿ ಯಾರ ಬಟ್ಟೆ ಒಗೆಯುತ್ತೀರಿ ಎಂದು ನೀವೇ ಹೇಳಿ. ಬೀಡಿ ಸಿಗರೇಟು ಬಿಡಿ, ಧೂಳಿನ ಜೊತೆ ಅದು ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಎಷ್ಟೋ ಪಟ್ಟು ಹೆಚ್ಚು.

ಕೆಲಸದ ಬಟ್ಟೆ ಕೆಲಸದ ಜಾಗದಲ್ಲೇ ಕಳಚಿ. ಒದರದೆ ನೀರಿಗೆ ಹಾಕಿ.

ಮನೆಯಲ್ಲಿ ಮಗು ಓಡಿ ಬರುತ್ತದೆ. ಅಷ್ಟರೊಳಗೆ ನಿಮ್ಮ ಸ್ನಾನ ಆಗಿರಲಿ.